ನೊರೆ ಇಳಿಯುವ ತನಕ

ನಮ್ಮವ್ವ ಸಿದ್ದಲಿಂಗವ್ವನಿಗೆ ಕಾಫಿ ಸೇರುತ್ತಿರಲಿಲ್ಲ. ಒಮ್ಮೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ‘ಕರಕ ಜ್ವಾಳಾ ಕುದಿಸಿದಂಗ ಐತಿ’ ಎಂದು ಮುಖ ಕಿವುಚಿದ್ದಳಂತೆ. ಎರಡನೆಯ ಗುಟುಕನ್ನು ಜೀವಮಾನದಲ್ಲೇ ಕುಡಿಯಲಿಲ್ಲ. ಆದರೆ ಕಾಫಿಗೆ ಹಾಲನ್ನು ನೊರೆಗಟ್ಟಿಸುವುದರಲ್ಲಿ ಇಡೀ ರೋಣದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಆಗ ರೋಣದಲ್ಲಿ ಕಾಫಿ ಕುಡಿಯುವವರೇ ಬೆರಳೆಣಿಕೆಯಷ್ಟು, ಇದೇನು ದೊಡ್ಡ ಬಿರುದು ಎಂದು ನೀವು ಅನ್ನಬಹುದು. ಅನ್ನಿ. ನಾನು ಅವಳ ಮಗಳು, ನನಗದು ದೊಡ್ಡದೇ.

ಇದು ೧೯೫೭ರ ಮಾತು. ನಾನಿನ್ನೂ ಹುಟ್ಟಿರಲಿಲ್ಲ. ಅವ್ವ ಹೇಳಿದ್ದನ್ನು ಕೇಳಿ ಕೇಳಿ ಆ ಮಧ್ಯಾಹ್ನಗಳು ನನ್ನವೇ ಆಗಿಬಿಟ್ಟಿವೆ. ಪಡಸಾಲೆಯ ಬೆಳಕಿಂಡಿಯಿಂದ ಬಿಸಿಲಿನ ಒಂದು ಕೋಲು ಇಳಿದು ಹಾಸುಗಲ್ಲಿನ ಮೇಲೆ ನಿಂತಿರುತ್ತದೆ, ಅದರೊಳಗೆ ಹತ್ತಿಯ ಎಳೆಗಳು ಏಳುತ್ತ ಇಳಿಯುತ್ತ ತೇಲುತ್ತಿರುತ್ತವೆ. ಹಿತ್ತಲಲ್ಲಿ ಎಮ್ಮೆ ಮೆಲುಕು ಹಾಕುತ್ತಿರುತ್ತದೆ. ಊರು ಉಂಡು ಮಲಗಿರುತ್ತದೆ. ಕಣ್ಣು ಮುಚ್ಚಿದರೆ ಈಗಲೂ ನಾನು ಆ ಬಿಸಿಲಿನ ಪಕ್ಕದಲ್ಲಿ ಕೂತಿರುತ್ತೇನೆ.

ಅವ್ವನ ತವರು ಶಿರೋಳ. ಹದಿನಾರಕ್ಕೆ ಲಗ್ನವಾಗಿ ರೋಣಕ್ಕೆ ಬಂದಳು. ತವರಿನಲ್ಲಿ ತಾಯಿ ಮತ್ತು ತಂಗಿ ಸಣ್ಣವ್ವ ಇಬ್ಬರೇ. ಹಿರಿಮಗಳು ಎಮ್ಮೆ ನೋಡಿಕೊಳ್ಳಲಿ, ಕಿರಿಯವಳು ಸಾಲೆಗೆ ಹೋಗಲಿ ಎಂದು ಆ ತಾಯಿ ಹಂಚಿಕೊಟ್ಟಿದ್ದರಿಂದ ಸಣ್ಣವ್ವನಿಗೆ ಅಕ್ಷರ ಬಂದವು, ಅವ್ವನಿಗೆ ಎಮ್ಮೆ ಬಂತು. ಲಗ್ನವಾದ ಮೇಲೆ ತಿಂಗಳಿಗೊಂದು ಕಾಗದ ಶಿರೋಳದಿಂದ ಬರುತ್ತಿತ್ತು.

ಆ ಕಾಗದ ಓದುವವರು ನಮ್ಮಜ್ಜ ಮಹಾಲಿಂಗಪ್ಪ, ಅವ್ವನಿಗೆ ಮಾವ. ಪೇಟೆಯಲ್ಲಿ ಹತ್ತಿ ದಲಾಲಿಯ ಅಡತಿ ಅಂಗಡಿ, ಊರ ಹೊರಗೆ ಕಪ್ಪು ಮಣ್ಣಿನ ಎರಿ ಹೊಲ, ಮೂಗಿನ ಮೇಲೆ ಬೆಳ್ಳಿ ಕಟ್ಟಿನ ಚಷ್ಮಾ. ಅಜ್ಜ ಕೆಟ್ಟವನೇನಲ್ಲ. ಆದರೆ ಮನೆಯೊಳಗೆ ಗಾಳಿ ಬರಬೇಕಾದರೂ ತನ್ನನ್ನು ಕೇಳಿಯೇ ಬರಬೇಕು ಎನ್ನುವ ಪೈಕಿ. ನಮ್ಮಪ್ಪನೂ ಅವನೆದುರು ತುಟಿ ಬಿಚ್ಚುತ್ತಿರಲಿಲ್ಲ. ಊಟವಾದ ಮೇಲೆ ಲೋಡಿಗೆ ಒರಗಿ, ಕೆಮ್ಮಿ ಗಂಟಲು ಸರಿಮಾಡಿಕೊಂಡು, ಮನೆಮಂದಿಗೆಲ್ಲ ಕೇಳುವಂತೆ ಓದುತ್ತಿದ್ದ. ಓದಿ ಮುಗಿಸಿ ಬಾಗಿಲ ಪಕ್ಕದ ತಂತಿಗೆ ಚುಚ್ಚುತ್ತಿದ್ದ. ಅಲ್ಲಿಗೆ ತವರು ಮುಗಿಯಿತು.

ಅವ್ವನಿಗೆ ಒಂದೇ ಆಸೆ ಇತ್ತು. ತಂಗಿಯ ಕಾಗದವನ್ನು ತಾನೇ, ಒಬ್ಬಳೇ, ಯಾರ ದನಿಯೂ ನಡುವೆ ಇಲ್ಲದೆ ಓದಬೇಕು. ಒಮ್ಮೆ ಧೈರ್ಯ ಮಾಡಿ ಬಾಗಿಲ ಮರೆಯಿಂದ, ‘ಮಾವಾರ, ನಾನೂ ನಾಕ ಅಕ್ಷರ ಕಲೀತೀನ್ರಿ’ ಎಂದಳು.

‘ಕಲತು ಏನ್ ಮಾಡ್ತಿವಾ? ಓದಿ ಹೇಳಾಕ ನಾ ಸತ್ತೀನೇನು?’ ಎಂದ ಅಜ್ಜ. ಅವ್ವ ಒಳಗೆ ಹೋಗಿ ಭಾಂಡೆ ತಿಕ್ಕಿದಳು.

ಆ ವರ್ಷ ಮಳೆಗಾಲದಲ್ಲಿ ಹೆಣ್ಣುಮಕ್ಕಳ ಸಾಲೆಗೆ ಶಾರದಾಬಾಯಿ ಎಂಬ ಹೊಸ ಅಕ್ಕಾರು ಬಂದರು. ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಗಳನ್ನು ಅಕ್ಕಾರು ಎನ್ನುತ್ತಾರೆ. ಧಾರವಾಡದವರು, ಆದರೆ ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದು ಕಾಫಿ ಹಚ್ಚಿಕೊಂಡವರು. ನಮ್ಮೆದುರಿನ ಮನೆಯ ಮುಂದಿನ ಖೋಲಿಯಲ್ಲಿ ಒಬ್ಬರೇ ಇದ್ದರು. ಮಡಿವಂತರ ಮನೆತನ, ಬೇರೆಯವರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಆದರೆ, ‘ಹಾಲಿಗೆ ಎಲ್ಲೀ ಮಡಿ ತಗೀರಿ’ ಎಂದು ಅವರೇ ಒಂದು ದಾರಿ ಮಾಡಿಕೊಂಡಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಖೋಲಿಯಲ್ಲಿ ಕಾಫಿಪುಡಿಯ ಕಷಾಯ ಬಟ್ಟೆಯಲ್ಲಿ ಸೋಸಿ, ತಮ್ಮದೇ ಹಿತ್ತಾಳೆ ಲೋಟದಲ್ಲಿ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬರುವರು. ಅದಕ್ಕೆ ಅವ್ವ ಬಿಸಿ ಹಾಲು ಹೊಯ್ಯುವಳು. ಕಷಾಯ ಅವರದು, ಹಾಲು ನಮ್ಮದು. ಜಾತಿ ಉಳಿಯಿತು, ಕಾಫಿಯೂ ಆಯಿತು.

ನಮ್ಮ ಆಯಿ, ಅಂದರೆ ಅಜ್ಜನ ಹೆಂಡತಿ ಕಳಕವ್ವ, ಮನೆಯಲ್ಲಿ ಒಂದು ಕಟ್ಟು ಇಟ್ಟಿದ್ದಳು. ಮನೆಗೆ ಬಂದವರು ಉಣ್ಣುವಾಗ, ಕುಡಿಯುವಾಗ ಸೊಸೆ ಪಕ್ಕದಲ್ಲೇ ಕೂತಿರಬೇಕು, ಕೇಳಿದ್ದು ಕೊಡಬೇಕು. ಪಾತ್ರೆ ಕೆಳಗಿಟ್ಟ ಗಳಿಗೆಗೆ ಎದ್ದು ಕೆಲಸಕ್ಕೆ ನಡೆಯಬೇಕು. ಅವ್ವ ಈ ಕಟ್ಟಿನಲ್ಲಿ ತನ್ನ ಸಾಲೆಯನ್ನು ಕಂಡಳು. ಅಕ್ಕಾರ ಕೈಯಲ್ಲಿ ಲೋಟ ಇರುವ ತನಕ ಅವಳನ್ನು ಎಬ್ಬಿಸುವವರಿಲ್ಲ.

ಅಕ್ಷರ ಕಲಿಸಿರೆಂದು ಅವ್ವ ಕೇಳಿದಳು, ಅಕ್ಕಾರು ಹ್ಞೂಂ ಅಂದರು. ಬೆರಳನ್ನು ನೀರಿನಲ್ಲಿ ಅದ್ದಿ ಹಾಸುಗಲ್ಲಿನ ಮೇಲೆ ಒಂದು ಅಕ್ಷರ ಬರೆಯುವರು. ಅವ್ವ ಅದರ ಪಕ್ಕದಲ್ಲಿ ಇನ್ನೊಂದು ಬರೆಯುವಳು. ನೋಡುತ್ತಿದ್ದಂತೆ ಎರಡೂ ಆರಿ ಕಲ್ಲು ಬರಿದಾಗುತ್ತಿತ್ತು. ಆರಿದ ಅಕ್ಷರಗಳು ಬೆಳಕಿಂಡಿಯಿಂದ ಮೇಲೆ ಹೋಗಿ ಎಲ್ಲೋ ಕೂಡಿಬೀಳುತ್ತವೆ, ಮುಂದೊಂದು ದಿನ ಮಳೆಯಾಗಿ ಬರುತ್ತವೆ ಎಂದು ತನಗೆ ಅನಿಸುತ್ತಿತ್ತು ಎಂದು ಅವ್ವ ಹೇಳುತ್ತಿದ್ದಳು. ಓದು ಕಲಿಯುವ ಮೊದಲೇ ಇಷ್ಟು ಕಲ್ಪನೆ, ಕಲಿತಮೇಲೆ ಕೇಳಬೇಕೆ.

ತೊಡಕು ಇದ್ದದ್ದು ಕಾಫಿಯಲ್ಲಿ. ಗಾಳಿಗೆ ಲೋಟ ಬೇಗ ಆರುತ್ತಿತ್ತು. ಆರಿದ ಕಾಫಿ ಅಕ್ಕಾರಿಗೆ ಆಗದು, ನಾಲ್ಕೇ ಗುಟುಕಿಗೆ ಮುಗಿಸಿಬಿಡುವರು. ದಿನಕ್ಕೆ ಎರಡು ಅಕ್ಷರವಾದರೆ ಹೆಚ್ಚು.

‘ಮೈಸೂರಾಗ ನಮ್ಮ ಮಾಮಿ ಹಾಲಿಗೆ ಗಟ್ಟಿ ಬುರುಗು ಬರಸ್ತಿದ್ದಳು. ಮ್ಯಾಲ ಬುರುಗು ಕೂತಿತಂದ್ರ ಕೆಳಗ ಕಾಫಿ ಆರೂದಿಲ್ಲ. ಅರ್ಧಾ ತಾಸು ಕುಡೀಬಹುದು,’ ಎಂದರು ಅಕ್ಕಾರು ಒಂದು ದಿನ. ಬುರುಗು ಎಂದರೆ ನೊರೆ. ಅರ್ಧ ತಾಸು! ಅವ್ವನಿಗೆ ಆ ರಾತ್ರಿ ನಿದ್ದೆ ಬರಲಿಲ್ಲವಂತೆ.

ಮೊದಲು ಎತ್ತಿ ಹೊಯ್ದು ನೋಡಿದಳು. ಒಂದು ತಂಬಿಗೆಯಿಂದ ಇನ್ನೊಂದಕ್ಕೆ, ತೋಳು ಚಾಚಿದಷ್ಟೂ ಎತ್ತರದಿಂದ. ನೊರೆಯೇನೋ ಬಂತು, ಆದರೆ ದೊಡ್ಡ ದೊಡ್ಡ ಗುಳ್ಳೆಗಳು, ಕಣ್ಣು ಪಿಳುಕಿಸುವುದರೊಳಗೆ ಒಡೆದುಹೋದವು. ಹಾಲೂ ಆರಿತು, ಅರ್ಧ ಸೀರೆಗೆ ಬಿತ್ತು.

ಆಮೇಲೆ ಮಾಡಿದ ತಪ್ಪನ್ನು ಎಮ್ಮೆ ಕಟ್ಟಿದ ಮನೆಯವರೇ ಮಾಡಬೇಕು. ಮಜ್ಜಿಗೆಯ ಕಡಗೋಲನ್ನು ಮೂರು ಸಲ ಬಿಸಿನೀರಿನಲ್ಲಿ ತೊಳೆದು ಕುದಿಹಾಲಿಗೆ ಇಳಿಸಿದಳು. ಎಷ್ಟು ತೊಳೆದರೂ ಕಟ್ಟಿಗೆಯ ಸಂದಿಯಲ್ಲಿ ಹುಳಿ ಕೂತಿರುತ್ತದೆ. ಎರಡು ಸುತ್ತು ತಿರುವುವುದರೊಳಗೆ ತಂಬಿಗೆ ತುಂಬ ಒಡೆದ ಹಾಲು. ಅದೂ ಸೋಮವಾರ, ದೇವರ ಮುಂದಿನ ಹಾಲೂ ಅದರಲ್ಲೇ ಇತ್ತು.

‘ಮನಿಯಾಗ ಹಾಲು ಒಡಸಿದಿ? ಇನ್ನ ಎಂಟ ದಿನ ಆ ಅಕ್ಕಾರಿಗೆ ಹಾಲು ಇಲ್ಲ, ಏನೂ ಇಲ್ಲ,’ ಎಂದು ಆಯಿ ಬೈದಳು. ಎಂಟು ದಿನ ಸಾಲೆ ಬಂದ್. ಕಲಿತ ಅಕ್ಷರ ಮರೆತೀತೆಂದು ಅವ್ವ ರೊಟ್ಟಿ ಬಡಿಯುವ ಹಿಟ್ಟಿನಲ್ಲಿ ಬರೆಯುವಳು, ಮತ್ತೆ ಬಡಿದು ಅಳಿಸುವಳು.

ಅದೇ ವಾರ ಗಾಡಿಯ ಗಾಲಿ ರಿಪೇರಿಗೆ ಬಡಿಗ ಇಮಾಮಸಾಬ ಬಂದಿದ್ದ. ಅವ್ವ ಗೇಣುದ್ದದ ಒಂದು ಸಣ್ಣ ಕಡಗೋಲು ಕೇಳಿದಳು.

‘ಇಷ್ಟ ಸಣ್ಣದರಾಗ ಏನ್ ಕಡೀತಿ ತಂಗಿ? ಗೊಂಬಿ ಮನಿಗೇನು?’ ಎಂದು ನಕ್ಕ.

‘ಹೌದ್ ಕಾಕಾ, ಗೊಂಬಿ ಮನಿಗೇ. ಮಜ್ಜಿಗಿ ಸ್ವಾಕಬಾರದು ಅದಕ್ಕ.’

ಇಮಾಮಸಾಬ ಜಾಲಿ ಕಟ್ಟಿಗೆಯ ತುಂಡಿನಲ್ಲಿ ಕಡಗೋಲು ಮಾಡಿ, ಗಾಜಿನ ಚೂರಿನಿಂದ ಕೆರೆದು ನುಣುಪು ಮಾಡಿ ಕೊಟ್ಟ. ಅವ್ವ ಅದನ್ನು ಬೇರೆ ಬಟ್ಟೆಯಲ್ಲಿ ಸುತ್ತಿ ಬೇರೆ ಗೂಡಿನಲ್ಲಿ ಇಟ್ಟಳು. ಅಕ್ಕಾರ ಮಡಿಗಿಂತ ಆ ಕಡಗೋಲಿನ ಮಡಿ ಹೆಚ್ಚಾಯಿತು.

ಹದ ಸಿಗುವಷ್ಟರಲ್ಲಿ ದೀಪಾವಳಿ ಬಂತು. ಹಾಲು ಉಕ್ಕಬಾರದು, ಅಂಚಿನಲ್ಲಿ ಸಣ್ಣ ಮಣಿ ಕಟ್ಟಿದಾಗಲೇ ಇಳಿಸಬೇಕು. ಕೆನೆ ತೆಗೆಯಬೇಕು, ಅದಿದ್ದರೆ ನೊರೆ ಇಳಿದುಬಿಡುತ್ತದೆ. ಉದ್ದ ಕತ್ತಿನ ತಂಬಿಗೆಯಲ್ಲಿ ಮೂರರಲ್ಲೊಂದು ಪಾಲು ಹಾಲು, ಉಳಿದದ್ದು ಗಾಳಿಗೆ ಜಾಗ. ತಂಬಿಗೆಯನ್ನು ಸ್ವಲ್ಪ ವಾಲಿಸಿ ಎರಡು ಪಾದಗಳ ನಡುವೆ ಹಿಡಿದು, ಕಡಗೋಲನ್ನು ಅಂಗೈಗಳ ನಡುವೆ ತಿರುವಬೇಕು. ಮೊದಲು ಹಾಲಿನ ಮೇಲ್ಭಾಗದಲ್ಲಿ, ಆಮೇಲೆ ಆಳಕ್ಕೆ. ಸಪ್ಪಳ ಕಳಕಳದಿಂದ ಮೆತ್ತಗಾಗಿ ಹುಸ್ ಎಂದಾಗ ನಿಲ್ಲಿಸಿ, ತಂಬಿಗೆಯ ತಳವನ್ನು ನೆಲಕ್ಕೆ ಎರಡು ಸಲ ತಟ್ಟಬೇಕು. ದೊಡ್ಡ ಗುಳ್ಳೆಗಳು ಸಾಯುತ್ತವೆ, ಸಣ್ಣವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೊರೆಯನ್ನು ಸೌಟಿನಿಂದ ತಡೆದು ಮೊದಲು ಹಾಲು ಹೊಯ್ಯಬೇಕು, ಕೊನೆಗೆ ನೊರೆಯನ್ನು ಜಾರಿಬಿಡಬೇಕು. ಕಾಫಿಯ ಮೇಲೆ ಅದು ಆಗತಾನೇ ಒಡೆದ ಹತ್ತಿಕಾಯಿಯ ಹಾಗೆ ಕೂರುತ್ತಿತ್ತು.

ಅರ್ಧ ತಾಸು ಸಿಕ್ಕಿತು. ಅಕ್ಕಾರು ಮೂಗಿನ ತುದಿಗೆ ನೊರೆ ಹಚ್ಚಿಕೊಂಡು ಕಾಗುಣಿತ ಹೇಳುವರು. ಅವ್ವ ಬರೆಯುವಳು. ಬಿಸಿಲಿನ ಕೋಲು ಒಂದು ಹಾಸುಗಲ್ಲಿನಿಂದ ಇನ್ನೊಂದಕ್ಕೆ ಸರಿಯುವುದು. ಮೂಲೆಯಲ್ಲಿ ಜೋಳ ಹಸನು ಮಾಡುತ್ತ ಕೂತ ಆಯಿ ಒಮ್ಮೆ, ‘ಅಕ್ಕಾರ ಲೋಟಾ ಭಾಳ ಆಳ ಐತಿ ನೋಡ, ತಳಾನ ಸಿಗವಲ್ದು,’ ಎಂದಳಂತೆ. ತಿಳಿದು ಅಂದಳೋ ತಿಳಿಯದೆ ಅಂದಳೋ, ಮುಂದೆ ಏನೂ ಕೇಳಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಒತ್ತಕ್ಷರಗಳೂ ಬಂದವು.

ಫಾಲ್ಗುಣದಲ್ಲಿ ಹತ್ತಿ ಬಿಡಿಸುವ ಕಾಲ. ಹೊಲದ ತುಂಬ ಆಳುಗಳು, ಅವರಿಗೆಲ್ಲ ರೊಟ್ಟಿ ಬಡಿಯುವವಳು ಅವ್ವ. ಅಂಥ ಒಂದು ದಿನ ಶಿರೋಳದ ಕಾಗದ ಬಂತು. ಅಜ್ಜ ಊಟ ಮಾಡಿ ಕೆಮ್ಮಿ ಓದಿದ. ಎಲ್ಲರೂ ಕ್ಷೇಮ, ಎಮ್ಮೆ ಈದಿದೆ, ಹೆಣ್ಣುಗರು. ದನಿ ನಿಂತಿತು. ಆದರೆ ಚಷ್ಮಾದ ಹಿಂದಿನ ಕಣ್ಣು ಇನ್ನೂ ಕೆಳಗೆ ಇಳಿಯುತ್ತಿದ್ದುದನ್ನು ಅವ್ವ ನೋಡಿದಳು. ಅಜ್ಜ ಕಾಗದವನ್ನು ತಂತಿಗೆ ಚುಚ್ಚಿ ಅಂಗಡಿಗೆ ಹೋದ.

ಅವ್ವ ಒಲೆಯ ಮೇಲೆ ಹಾಲಿಟ್ಟು ಕಾಗದ ಬಿಡಿಸಿಕೊಂಡು ಬಂದಳು. ಬಿಸಿಲಿನ ಕೋಲಿಗೆ ಹಿಡಿದು, ತುಟಿ ಆಡಿಸುತ್ತ ಓದಿದಳು. ಎಮ್ಮೆ ಇತ್ತು, ಹೆಣ್ಣುಗರು ಇತ್ತು. ಅದರ ಕೆಳಗೆ ಸಣ್ಣವ್ವ ಬರೆದಿದ್ದಳು: ‘ಅವ್ವ ಹಾಸಿಗೆ ಹಿಡಿದು ಹದಿನೆಂಟು ದಿನವಾಯಿತು. ಅನ್ನ ಇಳಿಯುವುದಿಲ್ಲ. ಬಾಗಿಲು ಸಪ್ಪಳವಾದರೆ ಸಿದ್ದಿ ಬಂದಳೇನು ಎಂದು ಕೇಳುತ್ತಾಳೆ. ಬೇಗ ಕಳಿಸಿರಿ.’

ಅವಳಿಗೆ ಮೊದಲು ಅನಿಸಿದ್ದು, ತಾನೇ ತಪ್ಪು ಓದಿದೆ ಎಂದು. ಮಾವ ಓದದ್ದು ಕಾಗದದಲ್ಲಿ ಹೇಗಿದ್ದೀತು? ಎಂಟು ತಿಂಗಳು ಕಷ್ಟಪಟ್ಟು ಕಲಿತವಳು ತನ್ನ ಕಣ್ಣನ್ನು ನಂಬಲಿಲ್ಲ, ಮಾವನ ಬಾಯನ್ನು ನಂಬಿದಳು. ಒಲೆಯ ಮೇಲಿನ ಹಾಲು ಉಕ್ಕಿ ಬೂದಿಗೆ ಬಿತ್ತು.

ಅಕ್ಕಾರು ಲೋಟ ಹಿಡಿದು ಬಂದಾಗ ಅವ್ವ ಕಾಗದ ಚಾಚಿ, ‘ಅಕ್ಕಾರ, ನಾ ಎಲ್ಲಿ ತಪ್ಪ ಓದೇನಿ ನೋಡ್ರಿ,’ ಎಂದಳು.

ಅಕ್ಕಾರು ಓದಿದರು. ‘ಒಂದಕ್ಷರಾನೂ ತಪ್ಪಿಲ್ಲವಾ,’ ಎಂದು ಲೋಟವನ್ನು ಹಾಗೇ ಕೆಳಗಿಟ್ಟರು.

ಅವ್ವ ಮೂಲೆಗೆ ಹೋಗಿ ಆಯಿಯ ಮೊರದ ಮುಂದೆ ಕೂತು ಗಟ್ಟಿಯಾಗಿ ಓದಿದಳು, ಮೊದಲಿನಿಂದ ಕೊನೆಯ ತನಕ.

‘ನೀ ಓದ್ತಿ?’ ಎಂದಳು ಆಯಿ.

‘ಓದ್ತೀನ್ರಿ ಅತ್ತಿ.’

‘ಕಡೀ ಮಾತು ಅವರು ಓದಲಿಲ್ಲಲ್ಲ.’

‘ಓದಲಿಲ್ರಿ.’

ಆಯಿ ಮೊರ ಪಕ್ಕಕ್ಕಿಟ್ಟಳು. ಗಾಡಿ ಹೊಡೆಯುವ ಹೊಳಿಯಪ್ಪನನ್ನು ಕರೆದು ಎತ್ತು ಹೂಡಲು ಹೇಳಿದಳು. ಸುದ್ದಿ ಹೋಗಿ ಅಜ್ಜ ಅಂಗಡಿಯಿಂದ ಬಂದ. ‘ಹತ್ತಿ ಮುಗೀಲಿ, ನಾಕ ದಿನ ಬಿಟ್ಟು ಹೇಳಿದ್ರಾತು ಅಂದಿದ್ದೆ. ಆಳಿಗೆ ರೊಟ್ಟಿ ಬಡಿಯೋರು ಯಾರು?’

‘ನಾ ಬಡೀತೀನಿ,’ ಎಂದಳು ಆಯಿ. ಅಜ್ಜ ಚಷ್ಮಾ ತೆಗೆದು ಒರೆಸುತ್ತ ನಿಂತ.

ಗಾಡಿ ಬೆಳವಣಕಿ ದಾಟಿ ಶಿರೋಳ ಮುಟ್ಟಿತು. ತಾಯಿ ಮಗಳ ಗುರುತು ಹಿಡಿದಳು. ಹನ್ನೊಂದು ದಿನ ಅವ್ವನ ಕೈಯಿಂದ ಅಂಬಲಿ ಕುಡಿದು, ಅವಳ ತೊಡೆಯ ಮೇಲೆ ತಲೆಯಿಟ್ಟು ಜೀವ ಬಿಟ್ಟಳು. ನಾಲ್ಕು ದಿನ ಬಿಟ್ಟು ಹೋಗಿದ್ದರೂ ಏಳು ದಿನ ಸಿಗುತ್ತಿತ್ತಲ್ಲ ಎಂದು ಅಜ್ಜ ಆಮೇಲೆ ಲೆಕ್ಕ ಹೇಳುತ್ತಿದ್ದನಂತೆ. ಆ ನಾಲ್ಕು ದಿನಗಳನ್ನು ಅವ್ವ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ತಿಂಗಳಾದ ಮೇಲೆ ಅವ್ವ ರೋಣಕ್ಕೆ ತಿರುಗಿ ಬಂದಳು. ಮರುದಿನ ಮಧ್ಯಾಹ್ನ ಅಜ್ಜ ಅಂಗಡಿಗೆ ಹೋದ ಮೇಲೆ ಆಯಿ ಒಳಗಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದಳು. ಹಳದಿಯಾದ ನಾಲ್ಕು ಕಾಗದಗಳು. ಗಜೇಂದ್ರಗಡದಲ್ಲಿ ಆಯಿಗೆ ಒಬ್ಬ ಅಣ್ಣನಿದ್ದ. ಲಗ್ನವಾದ ಹೊಸತರಲ್ಲಿ ನಾಗರ ಪಂಚಮಿ ಹಬ್ಬಕ್ಕೆ ತವರಿಗೆ ಕರೆಯುತ್ತಿದ್ದವನು ಆಮೇಲೆ ಕರೆಯುವುದನ್ನೇ ಬಿಟ್ಟನೆಂದು ಆಯಿ ಅವನ ಹೆಸರೆತ್ತುತ್ತಿರಲಿಲ್ಲ. ಅವನು ಸತ್ತಾಗ ಸಿಟ್ಟಿಗೆ ಮಣ್ಣಿಗೂ ಹೋಗಿರಲಿಲ್ಲ. ಅದಾಗಿ ಇಪ್ಪತ್ತು ವರ್ಷವಾಗಿತ್ತು.

‘ಇವನ್ನ ನಿಮ್ಮ ಮಾವಾರು ಓದಿ ಹೇಳ್ಯಾರ. ಎಲ್ಲಾರೂ ಆರಾಮ, ಮಳಿ ಚಲೋ ಆಗೈತಿ ಅಂತ. ನೀ ಇನ್ನೊಮ್ಮಿ ಓದು.’

ಅವ್ವ ಮೊದಲನೆಯದನ್ನು ಓದಿದಳು. ಎಲ್ಲರೂ ಆರಾಮ, ಮಳೆ ಚಲೋ ಆಗಿದೆ. ಆಮೇಲೆ ಇನ್ನೂ ಎರಡು ಸಾಲು ಇದ್ದವು. ‘ತಂಗಿ ಕಳಕವ್ವ, ಪಂಚಮಿಗೆ ಗಾಡಿ ಕಳಿಸಲೇ ಎಂದು ಎರಡು ಕಾಗದ ಹಾಕಿದೆ, ಉತ್ತರ ಬರಲಿಲ್ಲ. ನನ್ನ ಮೇಲೆ ಸಿಟ್ಟೇನು?’

ಆಯಿ ಆ ಕಾಗದವನ್ನು ಮಡಿಚಿ ಗಂಟಿನೊಳಗೆ ಇಟ್ಟಳು. ಆಮೇಲೆ, ‘ಉತ್ತರಾ ಬರಿ,’ ಎಂದಳು.

‘ಯಾರಿಗ್ರಿ ಅತ್ತಿ?’

‘ನಮ್ಮಣ್ಣಗ. ನನಗ ಸಿಟ್ಟಿಲ್ಲ ಅಂತ ಬರಿ.’

ಅವ್ವ ಎದ್ದು ಅಜ್ಜನ ಪೆಟ್ಟಿಗೆಯಿಂದ ಟಾಕು, ಮಸಿ, ಒಂದು ಹಾಳೆ ತಂದು ಬರೆದಳು.