ಕೊನೆಯ ಡಬ್ಬಿ

ಆ ಮಾತನ್ನು ಕೂಗಿದವನು ನಾನೋ, ನನ್ನ ಪಕ್ಕದಲ್ಲಿ ಕೂತಿದ್ದ ಗೆಳೆಯನೋ ಎಂಬುದು ನನಗೆ ಖಚಿತವಿಲ್ಲ. ಅವನನ್ನು ಕೇಳಿದರೆ ನೀನೇ ಎನ್ನುತ್ತಾನೆ. ನನ್ನ ನೆನಪಿನಲ್ಲಿ ಅದು ಅವನ ದನಿ, ಎಲೆಯಡಿಕೆ ತುಂಬಿದ ಬಾಯಿಂದ ಬಂದ ದನಿ. ಆದರೆ ಅವನು ಆಗ ಎಲೆಯಡಿಕೆ ಹಾಕುತ್ತಿರಲಿಲ್ಲ. ಆ ಚಟ ಶುರುವಾದದ್ದು ಕಾಲೇಜಿನಲ್ಲಿ ನೌಕರಿ ಸಿಕ್ಕ ಮೇಲೆ. ಹೀಗಾಗಿ ನನ್ನ ಸಾಕ್ಷ್ಯವನ್ನು ನಾನೇ ನಂಬುವ ಹಾಗಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವಿಬ್ಬರೂ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೆವು. ಮಧ್ಯಾಹ್ನದ ತರಗತಿ ತಪ್ಪಿಸಿ ಮಾಳಮಡ್ಡಿಯ ಅವನ ಖೋಲಿಯಿಂದ ನಡೆದು ಥೇಟರಿಗೆ ಹೋಗುವುದು ರೂಢಿ. ಬಾಗಿಲು ಕಾಯುವ ಕಾಕಾ ನಮಗೆ ಪರಿಚಿತರು. ಟಿಕೆಟು ಹರಿಯುತ್ತ, "ಇವತ್ತೂ ಸಾಲಿ ಸೂಟಿ ಏನ್ರಿ ಸಾಹೇಬ್ರ?" ಎಂದು ಚುಚ್ಚುತ್ತಿದ್ದರು.

ಹುಬ್ಬಳ್ಳಿ ಧಾರವಾಡಕ್ಕೆ ಸೇರಿ ಒಂದೇ ಪ್ರಿಂಟು ತರಿಸುವ ಪದ್ಧತಿ ಆಗಿತ್ತು. ಹುಬ್ಬಳ್ಳಿಯಲ್ಲಿ ಆಟ ಮೊದಲು ಶುರು. ಅಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಡಬ್ಬಿಗಳಲ್ಲಿ ಹಾಕಿಕೊಂಡು ಒಬ್ಬ ಸ್ಕೂಟರಿನ ಮೇಲೆ ಧಾರವಾಡಕ್ಕೆ ಬರುತ್ತಿದ್ದ. ಇಲ್ಲಿಯ ಆಟ ಅವನ ಸ್ಕೂಟರನ್ನು ನಂಬಿ ನಡೆಯುತ್ತಿತ್ತು. ಅವನು ಕಾಕಾನ ತಮ್ಮ.

ಅವತ್ತಿನ ಸಿನಿಮಾ ಹಿಂದಿಗೆ ಡಬ್ ಆಗಿದ್ದ ಹೊರದೇಶದ ಯುದ್ಧದ ಕತೆ. ಹಾಳುಬಿದ್ದ ಒಂದು ಗಿರಣಿ. ಅದರೊಳಗೆ ಅಡಗಿ ಗುಂಡು ಹಾರಿಸುವ, ಎರಡು ಕಡೆಯ ಇಬ್ಬರು ಗುರಿಕಾರರು ಒಬ್ಬರನ್ನೊಬ್ಬರು ಹುಡುಕುತ್ತಾರೆ. ಪ್ರಿಂಟು ಎಷ್ಟು ಸವೆದಿತ್ತೆಂದರೆ ಎರಡೂ ಸಮವಸ್ತ್ರ ಒಂದೇ ಬೂದಿಬಣ್ಣ, ವೈರಿ ಯಾರೆಂದು ತಿಳಿಯುವಂತಿರಲಿಲ್ಲ. ಮುಂದಿನ ಸಾಲಿನವರು ತಾವೇ ಹೆಸರಿಟ್ಟರು: ಒಬ್ಬ ಟೊಪಗಿ, ಇನ್ನೊಬ್ಬ ಬೋಳ. ಅರ್ಧ ಥೇಟರು ಟೊಪಗಿಯ ಕಡೆ, ಅರ್ಧ ಬೋಳನ ಕಡೆ.

"ಅಲ್ಲೋ, ತಾಸಾತು, ಇಬ್ಬರೂ ಬರೇ ಮಕ್ಕೊಂಡಾರಲ್ಲೋ. ಯುದ್ಧಕ್ಕ ಬಂದಾರೋ, ನಿದ್ದಿ ಮಾಡಾಕ ಬಂದಾರೋ?"

"ಏ ಟೊಪಗಿ, ತಲಿ ಬಗ್ಗಸಪಾ. ಅಂವ ನೋಡಾಕತ್ತಾನ."

"ಸುಮ್ಕಿರಲೇ, ಅಂವಗ ಕೇಳ್ತೈತಿ."

ಈ ಕೊನೆಯ ಮಾತಿಗೆ ನಕ್ಕವರು ಬಹಳ ಹೊತ್ತು ನಗಲಿಲ್ಲ. ಮೆಲ್ಲಗೆ ಇಡೀ ಥೇಟರು ದನಿ ತಗ್ಗಿಸತೊಡಗಿತು. ಶೇಂಗಾ ಸಿಪ್ಪೆ ಒಡೆಯುವವರೂ ನಿಲ್ಲಿಸಿದರು. ತಮ್ಮ ಸಪ್ಪಳದಿಂದ ತೆರೆಯ ಮೇಲೆ ಯಾರಾದರೂ ಸತ್ತಾರು ಎಂಬಂತೆ ಜನ ಕೂತಿದ್ದರು.

ಇಂಟರ್ವಲ್‌ನಲ್ಲಿ ಚಹಾದ ಕಟ್ಟೆಯ ಬಳಿ ಅಣ್ಣತಮ್ಮ ಇಬ್ಬರೂ ಇದ್ದರು. ಹುಬ್ಬಳ್ಳಿಯಲ್ಲಿ ಕರೆಂಟು ಹೋಗಿ ಆಟ ತಡವಾಗಿತ್ತಂತೆ. ತಮ್ಮ ತಯಾರಿದ್ದ ಡಬ್ಬಿಗಳನ್ನಷ್ಟೇ ತಂದಿದ್ದ, ಕೊನೆಯ ಒಂದಕ್ಕೆ ಮತ್ತೆ ಓಡಬೇಕಿತ್ತು. ಬಿಸಿ ಚಹಾವನ್ನು ಬಸಿಯಲ್ಲಿ ಸುರುವಿಕೊಂಡು ನಿಂತಲ್ಲೇ ಹೀರುತ್ತಿದ್ದ.

"ಸಾವಕಾಶ ಹೋಗು," ಅಂದರು ಕಾಕಾ.

"ಸಾವಕಾಶ ಹೋದ್ರ ಮಂದಿ ಬಿಡ್ತಾರೇನಣ್ಣಾ? ನಿನ್ನ ಕುರ್ಚಿ ಹರದ ಇಡ್ತಾರ."

ಬಸಿ ಇಟ್ಟು ಹೋದ. ಆ ಬಸಿಯಲ್ಲಿ ಅರ್ಧ ಚಹಾ ಉಳಿದಿತ್ತು ಎಂದು ನನಗೆ ನೆನಪು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಮುಂದಿನದರಲ್ಲಿ ಒಂದು ವಿಷಯಕ್ಕೆ ನಾನೂ ನನ್ನ ಗೆಳೆಯನೂ ಒಪ್ಪುತ್ತೇವೆ. ಗಿರಣಿಯ ಕಬ್ಬಿಣದ ಏಣಿಯ ಮೇಲೆ ಟೊಪಗಿಯೊಂದು ಕಾಣುತ್ತದೆ, ಅದರ ಕೆಳಗೆ ತಲೆ ಇದೆಯೋ ಇಲ್ಲವೋ ಗೊತ್ತಿಲ್ಲ. ಬೋಳ ಕಣ್ಣು ಕಿರಿದು ಮಾಡುತ್ತಾನೆ, ಬೆರಳು ಬಾಗುತ್ತದೆ. ತೆರೆ ಬೆಳ್ಳಗಾಯಿತು. ಜನ ಗುಂಡು ಹಾರಿತೆಂದೇ ತಿಳಿದು ಚಪ್ಪಾಳೆ ಹೊಡೆದರು. ತೆರೆ ಬೆಳ್ಳಗೇ ಉಳಿಯಿತು. ದೀಪ ಹತ್ತಿದ ಮೇಲೆ ತಿಳಿಯಿತು, ರೀಲು ಮುಗಿದಿದೆ, ಕೊನೆಯದು ಬಂದಿಲ್ಲ.

ಮೊದಲು ಸೀಟಿ, ಆಮೇಲೆ ಕುರ್ಚಿ ಬಡಿಯುವುದು. ನಾವು ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಇದ್ದೆವು. ಕಾಕಾ ಬಾಗಿಲ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ, ಒಂದೇ ಕಣ್ಣಿನಿಂದ ಹೊರಗಿನ ರಸ್ತೆ ನೋಡುತ್ತ ನಿಂತಿದ್ದರು. ಆಗಲೇ ನಮ್ಮ ಸಾಲಿನಿಂದ ಆ ಮಾತು ಹೊರಟಿತು.

"ರೀಲ್ ತರಾಂವಗೂ ಗುಂಡ ಬಿತ್ತೇನ್ರಿ ಕಾಕಾ?"

ಇಡೀ ಥೇಟರು ನಕ್ಕಿತು. ಕಾಕಾ ತಿರುಗಲಿಲ್ಲ.

ಎಷ್ಟು ಹೊತ್ತು ಹೋಯಿತೋ. ಪರದೆ ಸರಿದು ಒಳಬಂದವನು ನಾವು ಎಂದೂ ನೋಡದ ಒಬ್ಬ ಮನುಷ್ಯ, ಕಾಲಲ್ಲಿ ಕೆಸರು. ಕೈಯಲ್ಲಿ ಡಬ್ಬಿ ಇತ್ತು. ಅದರ ಒಂದು ಮಗ್ಗುಲು ಒಳಕ್ಕೆ ಬಾಗಿತ್ತು. ಡಬ್ಬಿ ಕಂಡದ್ದೇ ಜನ ಹುಯ್ಯೆಂದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅದರಲ್ಲಿ ಅನುಮಾನವಿಲ್ಲ. ಮ್ಯಾನೇಜರು ಕಾಕಾನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳಿದರು. ದೀಪ ಆರಿತು.

ಆ ಕೊನೆಯ ಭಾಗವನ್ನು ನಾನು ನೋಡಿದೆನೆಂದೇ ಬಹಳ ವರ್ಷ ನಂಬಿದ್ದೆ. ಹರಿದ ಪರದೆಯ ಸಂದಿಯಿಂದ ಟೊಪಗಿಯವನು ಒಂದೇ ಕಣ್ಣಿನಿಂದ ರಸ್ತೆ ನೋಡುತ್ತಾನೆ, ಕೊನೆಗೆ ಅವನೇ ಗೆಲ್ಲುತ್ತಾನೆ. ಎರಡು ಸಾವಿರದ ಹತ್ತರ ಸುಮಾರಿಗೆ ಒಂದು ದಿನ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಹಳೆಯ ಸಿ.ಡಿ.ಗಳ ರಾಶಿಯಲ್ಲಿ ಅದೇ ಸಿನಿಮಾ ಸಿಕ್ಕಿತು. ಮನೆಗೆ ತಂದು ಎರಡು ಸಲ ನೋಡಿದೆ. ಅದರಲ್ಲಿ ಪರದೆಯೇ ಇಲ್ಲ. ಟೊಪಗಿಯವನು ಸಾಯುತ್ತಾನೆ. ನಾನು ಅವತ್ತು ಕತ್ತಲಲ್ಲಿ ತೆರೆಯನ್ನು ನೋಡುತ್ತಿರಲಿಲ್ಲ, ಬಾಗಿಲನ್ನು ನೋಡುತ್ತಿದ್ದೆ.

ಅದಾದ ಮೇಲೆ ಕಾಕಾನನ್ನು ಹುಡುಕದೆ ಇರಲಾಗಲಿಲ್ಲ. ಥೇಟರು ಮುಚ್ಚಿತ್ತು. ದುರ್ಗದಬೈಲಿನ ಒಂದು ಓಣಿಯಲ್ಲಿ ಅಳಿಯನ ಕೀಲಿ ರಿಪೇರಿ ಅಂಗಡಿಯಲ್ಲಿ ಕೂತಿದ್ದರು. ಗುರುತು ಹಿಡಿದರು.

"ಸಾಲಿ ತಪ್ಪಸೋ ಸಾಹೇಬ್ರು. ಬರ್ರಿ, ಕುಂಡ್ರಿ."

ತಮ್ಮನ ಬಗ್ಗೆ ಕೇಳಿದೆ. ಅವರು ಕೀಲಿಯನ್ನು ಅರದಿಂದ ತಿಕ್ಕುತ್ತಲೇ ಹೇಳಿದರು.

"ಆವತ್ತೇ ಹೋದನ್ರಿ. ಹುಬ್ಬಳ್ಳಿಯಿಂದ ಬರೂ ದಾರ್ಯಾಗ, ಸತ್ತೂರ ಹತ್ರ ಲಾರಿ ತಗಲಿತು. ಹಿಂದ ಬಂದ ಟೆಂಪೋದಾಂವ ಇವನ್ನ ಒಂದ ಜೀಪಿನ್ಯಾಗ ಹಾಕಿ ದವಾಖಾನಿಗೆ ಕಳಿಸಿದ. ಇಂವ ಮಲಕೊಂಡಲ್ಲೇ ಅಂದನಂತ, ಡಬ್ಬಿ ಮೊದಲ ಮುಟ್ಟಸ್ರಿ, ಮಂದಿ ಕುಂತಾರ ಅಂತ. ಅದಕ್ಕ ಆ ಟೆಂಪೋದಾಂವ ಡಬ್ಬಿ ತಗೊಂಡು ಥೇಟರಿಗೆ ಬಂದ."

"ನಿಮಗ ಆಗ ಹೇಳಲಿಲ್ಲೇನ್ರಿ?"

"ಮ್ಯಾನೇಜರ್ರು ಹೇಳಿದ್ರು, ಕೈಗೆ ಸ್ವಲ್ಪ ಪೆಟ್ಟಾಗೇತಂತ, ಸಿನಿಮಾ ಮುಗಿಸಿ ಹೋಗು ಅಂತ. ಬಾಗಲಕ್ಕ ಮತ್ಯಾರಿದ್ರು? ಮಂದಿ ಹೆಂಗ ಒದರತಿತ್ತು, ನೀವೂ ಇದ್ರೆಲ್ಲಾ." ಅರ ನಿಲ್ಲಿಸಿದರು. "ಅದರಾಗ ಯಾವನೋ ಒಬ್ಬ ಗುಂಡ ಬಿತ್ತೇನು ಅಂದ. ಅಂವಗ ನನಕಿಂತ ಮೊದಲ ಗೊತ್ತಾಗಿತ್ತೇನೋ ಅಂತ ನಾ ಭಾಳ ದಿನ ವಿಚಾರ ಮಾಡ್ತಿದ್ದೆ."

ನನ್ನದೇ ಮಾತೆಂದು ಗೊತ್ತಿಲ್ಲದೆ ಒಪ್ಪಿಕೊಳ್ಳುವುದು ಸುಳ್ಳಾದೀತು ಎಂದು ಮನಸ್ಸಿನೊಳಗೇ ವಾದ ಹೂಡಿದೆ. ಕಲಿತ ವಿದ್ಯೆ ಅಂಥ ಹೊತ್ತಿಗೆ ಚೆನ್ನಾಗಿ ಒದಗುತ್ತದೆ.

"ನೀವು ಮುಟ್ಟೂದ್ರಾಗ…" ಅಂದೆ.

"ಮುಗದಿತ್ತರಿ. ನರ್ಸಬಾಯಿ ಅಂದ್ಲು, ಒಂದ ಹದಿನೈದು ನಿಮಿಷದ ಹಿಂದ ಮಾತಾಡ್ತಿದ್ದ, ಅಣ್ಣ ಬಂದ್ನೇನು ಅಂತ ಕೇಳಿದ ಅಂತ." ಕೀಲಿಯನ್ನು ಬೆಳಕಿಗೆ ಹಿಡಿದು ಹಲ್ಲು ನೋಡಿದರು. "ಸಿನಿಮಾ ಛಲೋ ಇತ್ತೇನ್ರಿ? ನಾ ನೋಡಲೇ ಇಲ್ಲ."

ಏನೋ ಉತ್ತರ ಕೊಟ್ಟೆ. ಏನೆಂದು ನೆನಪಿಲ್ಲ.

ಆ ಸಂಜೆ ಮನೆಗೆ ಬಂದು ಸಿ.ಡಿ. ಹಾಕಿದೆ. ಏಣಿಯ ಮೇಲೆ ಟೊಪಗಿ ಕಂಡು ಬೆರಳು ಬಾಗುವ ಜಾಗಕ್ಕೆ ತಂದು ನಿಲ್ಲಿಸಿ, ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಮತ್ತೆ ಬಿಟ್ಟೆ. ಹೆಸರುಗಳು ಬಂದು ತೆರೆ ಕಪ್ಪಾಗುವವರೆಗೆ ಕೂತೆ. ತಪ್ಪಿರಬಹುದೆಂದು ಮರುದಿನ ಇನ್ನೊಮ್ಮೆ ಎಣಿಸಿದೆ. ಕೊನೆಯ ಡಬ್ಬಿಯ ಸಿನಿಮಾ ಹದಿನೆಂಟು ನಿಮಿಷ.