ಕೊಯ್ದ ಚೆಂಡು ತಣಿದಿತ್ತೇ?

ಆ ದಿನ ನಾನು ಗಾಲ್ಫ್ ಚೆಂಡಿನ ಹೋಳುಗಳನ್ನು ತಣಿಯಲು ಬಿಟ್ಟೆನೋ, ಇಲ್ಲ ಕೊಯ್ದ ಕೂಡಲೇ ಅಳೆದೆನೋ — ನನಗೆ ಗೊತ್ತಿಲ್ಲ. ಕಾಲ ಸರಿದು ಮರೆತುಹೋದ ಸಂಗತಿಯಲ್ಲ ಇದು. ‘ತಣಿಯಲು ಬಿಟ್ಟೆ, ನೆನಪಿದೆ’ ಎಂದು ವಕೀಲರ ಮುಂದೆ ಪ್ರಮಾಣ ಮಾಡಿ ಹೇಳಿದ ಗಳಿಗೆಯಲ್ಲೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದೆ. ಅದರಿಂದ ನನ್ನ ಗೆಳೆಯ ಬಸವರಾಜ ಕಳ್ಳ ಎನಿಸಿಕೊಂಡ.

ಬಸು ಹುಬ್ಬಳ್ಳಿಯವನು, ನಾನು ಹಾಸನದವನು. ಇಬ್ಬರೂ ಓದಿದ್ದು ಪಾಲಿಮರ್ — ಅವನು ರಬ್ಬರ್ ತಯಾರಿಸುವ ಕಡೆ ಹೋದ, ನಾನು ಬೇರೆಯವರು ತಯಾರಿಸಿದ್ದನ್ನು ಅಳೆಯುವ ಕಡೆ. ಇಬ್ಬರೂ ಕೆಲಸಕ್ಕೆಂದು ಕಡಲು ದಾಟಿ ಬಂದವರು. ಅವನಿದ್ದದ್ದು ಸ್ಯಾನ್ ಮಟಿಯೋದ ಒಂದು ಸಣ್ಣ ಕಂಪನಿಯಲ್ಲಿ. ದೊಡ್ಡ ಗ್ರೋಸರಿ ಅಂಗಡಿಯೊಂದು ತನ್ನದೇ ಹೆಸರು ಹಾಕಿ ಮಾರುತ್ತಿದ್ದ ಅಗ್ಗದ ಗಾಲ್ಫ್ ಚೆಂಡಿನ ಒಳಗುಂಡನ್ನು, ಎಂದರೆ ಹೊರಸಿಪ್ಪೆಯೊಳಗಿನ ರಬ್ಬರ್ ಗುಂಡನ್ನು, ರೂಪಿಸಿದವನು ಅವನು. ಹಾಲು, ಬಾದಾಮಿ, ಟಾಯ್ಲೆಟ್ ಪೇಪರಿನ ಪಕ್ಕದಲ್ಲಿ ಗುಡ್ಡೆ ಹಾಕಿಟ್ಟ ಚೆಂಡು, ಹೆಸರಾಂತ ಕಂಪನಿಯ ದುಬಾರಿ ಚೆಂಡಿನಷ್ಟೇ ದೂರ ಹೋಗುತ್ತದೆ ಎಂದು ಜನ ಮಾತಾಡತೊಡಗಿದ್ದರು.

ನಾನು ನಂಬಲಿಲ್ಲ. ನಂಬದಿರುವುದು ನನ್ನ ಸ್ವಭಾವ, ಅದನ್ನು ಆಗ ಗುಣವೆಂದೇ ತಿಳಿದಿದ್ದೆ. ಭಾನುವಾರದ ನಮ್ಮ ಆಟಕ್ಕೆ ಎರಡೂ ಬಗೆಯ ಚೆಂಡು ತಂದು, ಹೆಸರಿನ ಮೇಲೆ ಕಪ್ಪು ಮಾರ್ಕರ್ ಬಳಿದು ಹಂಚಿದೆ. ನಮ್ಮ ಜೊತೆ ಆಡುತ್ತಿದ್ದ ಮಂಡ್ಯದ ರಮೇಶ ಒಂದು ಹೊಡೆತ ಹೊಡೆದು, “ಇದು ಕಾಸ್ಟ್ಲಿದು ಗುರೂ, ಸೌಂಡೇ ಬೇರೆ!” ಎಂದ. ಉಜ್ಜಿ ನೋಡಿದರೆ ಗ್ರೋಸರಿ ಅಂಗಡಿಯದು. ಬಸು ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಟ. “ರಮೇಶಾ, ನಿನ್ನ ಕಿವಿಗೂ ಒಂದು ಪೇಟೆಂಟ್ ಮಾಡ್ಸೋಣ ತಗೋ!”

ಆಮೇಲೆ ಮೊಕದ್ದಮೆ ಬಂತು. ಹೆಸರಾಂತ ಕಂಪನಿಯ ವಾದ ಇಷ್ಟು: ಒಳಗುಂಡು ನಡುವೆ ಮೆತ್ತಗಿದ್ದು ಅಂಚಿನ ಕಡೆ ಗಡಸಾಗುತ್ತ ಹೋಗುವ ವಿನ್ಯಾಸ ತನ್ನದು, ಆ ಎರಡರ ಗಡಸುತನದ ವ್ಯತ್ಯಾಸ ಒಂದು ಮಿತಿಯನ್ನು ದಾಟಿದರೆ ಅದು ತನ್ನ ಪೇಟೆಂಟಿನ ಕಳವು. ದಾಟುತ್ತದೆಯೇ ಎಂದು ಅಳೆಯಲು ಅವರ ವಕೀಲರು ಹಿಡಿದದ್ದು ಮಿಲ್ಪಿಟಾಸಿನ ನಮ್ಮ ಲ್ಯಾಬನ್ನು. ಕೆಲಸ ನನ್ನ ಬೆಂಚಿಗೆ ಬಂತು. ಸ್ನೇಹದ ವಿಷಯ ಮ್ಯಾನೇಜರಿಗೆ ಹೇಳಿದೆ. ಅವರಿಗೆ ಅದು ದೊಡ್ಡದೆನಿಸಲಿಲ್ಲ. ಬಸುವಿಗೂ ಹೇಳಿದೆ. ಬೇಡ ಎನ್ನುತ್ತಾನೆ ಅಂದುಕೊಂಡಿದ್ದೆ.

“ನೀನ ಮಾಡಲೇ ಪ್ರಸನ್ನ,” ಎಂದ. “ಬ್ಯಾರೆದಾಂವ ಆದ್ರ ರೊಕ್ಕ ಕೊಟ್ಟಾವ್ರ ಕಡೆ ವಾಲ್ತಾನ. ನೀ ನಿಮ್ಮಪ್ಪನ್ನೂ ನಂಬಾಂವಲ್ಲ. ಇದ್ದದ್ದು ಇದ್ದಂಗ ಬರೀತಿ.”

ಅವನ ಹೆಂಡತಿ ವಿಜಯಾ ಕಟ್ಟಿಕೊಟ್ಟ ಜೋಳದ ರೊಟ್ಟಿ ಆ ಹೊತ್ತಿಗೆ ನಮ್ಮಿಬ್ಬರ ನಡುವೆ ಇತ್ತು ಎಂದು ನನ್ನ ನೆನಪು. ಒಂದು ಚೂರು ಮುರಿದು ತೋರಿಸಿ ಹೇಳಿದ: “ಕೊಯ್ದ ಕೂಡ್ಲೇ ಅಳೀಬ್ಯಾಡ ಮತ್ತ. ಬಿಸಿ ರೊಟ್ಟಿ ಮಡಚತೈತಿ, ಆರಿದ್ದು ಮುರೀತೈತಿ. ರೊಟ್ಟಿ ಒಂದಽ, ನೀ ಯಾವಾಗ ಕೈ ಹಚ್ಚಿದಿ ಅನ್ನೂದರ ಮ್ಯಾಲೈತಿ.” ಇದನ್ನು ಅವನು ಅಂದೇ ಹೇಳಿದನೋ, ಎಲ್ಲ ಮುಗಿದ ಮೇಲೆ ಹೇಳಿದನೋ — ಅದೂ ಈಗ ಖಾತ್ರಿಯಿಲ್ಲ. ಆದರೆ ಅವನು ಹೇಳಬೇಕಾಗಿಯೇ ಇರಲಿಲ್ಲ. ಗರಗಸ ಹಾಯುವಾಗ ಚೆಂಡಿನ ನಡುಭಾಗ ಹೆಚ್ಚು ಬಿಸಿಯಾಗುತ್ತದೆ, ಬಿಸಿ ರಬ್ಬರ್ ಇರುವುದಕ್ಕಿಂತ ಮೆತ್ತಗೆ ತೋರುತ್ತದೆ. ಆಗ ಅಂಚಿಗೂ ನಡುವಿಗೂ ಇಲ್ಲದ ವ್ಯತ್ಯಾಸ ಹುಟ್ಟುತ್ತದೆ. ಅದನ್ನು ಹೊಸಬರಿಗೆ ಕಲಿಸುತ್ತಿದ್ದವನೇ ನಾನು.

ಅಳೆದ ದಿನದ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ಮಗನಿಗೆ ಜ್ವರ ಎಂದು ಡೇಕೇರಿನಿಂದ ಫೋನ್ ಬರುತ್ತದೆ, ನಾನು ಗಡಿಬಿಡಿಯಲ್ಲಿ ಅಳತೆ ಮುಗಿಸಿ ಓಡುತ್ತೇನೆ. ಇನ್ನೊಂದರಲ್ಲಿ ಹೋಳುಗಳನ್ನು ಬೆಂಚಿನ ಮೇಲೆ ಬಿಟ್ಟು ಓಡಿ, ಮರುದಿನ ಬಂದು ಅಳೆಯುತ್ತೇನೆ. ಎರಡೂ ಅಷ್ಟೇ ಸ್ಪಷ್ಟ. ಎರಡರಲ್ಲೂ ಕೈಗೆ ರಬ್ಬರಿನ ವಾಸನೆ. ನನ್ನ ಹೆಂಡತಿ ಸುಮಾಳನ್ನು ಕೇಳಿದರೆ, “ಜ್ವರ ಬಂದಿದ್ದು ಆ ವಾರ ಅಲ್ವೇ ಅಲ್ಲ ಕಣ್ರೀ,” ಎನ್ನುತ್ತಾಳೆ. ಹಾಗಾದರೆ ನಾನು ಓಡಿದ್ದಾದರೂ ಎಲ್ಲಿಗೆ?

ವರದಿಯಲ್ಲಿ ‘ಹೋಳುಗಳನ್ನು ಕೋಣೆಯ ಉಷ್ಣತೆಗೆ ತಣಿಸಿ ಅಳೆಯಲಾಯಿತು’ ಎಂದಿತ್ತು. ಆ ವಾಕ್ಯ ನಮ್ಮ ಪ್ರತಿ ವರದಿಯಲ್ಲೂ ಮೊದಲೇ ಅಚ್ಚಾಗಿರುತ್ತದೆ; ನಾನು ಬರೆದದ್ದಲ್ಲ, ಅಳಿಸದೆ ಬಿಟ್ಟದ್ದು. ವ್ಯತ್ಯಾಸ ಮಿತಿಯನ್ನು ದಾಟಿತ್ತು — ಸ್ವಲ್ಪವೇ, ಆದರೆ ದಾಟಿತ್ತು.

ಹೇಳಿಕೆ ಕೊಡಲು ಕರೆದಾಗ ಬಸುವಿನ ಕಂಪನಿಯ ವಕೀಲೆ ನಿಧಾನವಾಗಿ ಕೇಳಿದಳು: ತಣಿಯಲು ಬಿಟ್ಟದ್ದು ನಿಮಗೆ ಖುದ್ದಾಗಿ ನೆನಪಿದೆಯೇ, ಅಥವಾ ವರದಿಯಲ್ಲಿದೆ ಎಂದು ಹೇಳುತ್ತಿದ್ದೀರಾ? ನಾನು ಬೇರೆಯವರಿಗೆ ಇಡೀ ಜೀವನ ಕೇಳುತ್ತ ಬಂದ ಪ್ರಶ್ನೆ ಅದು — ನಿನಗೆ ಹೇಗೆ ಗೊತ್ತು? ‘ನೆನಪಿಲ್ಲ’ ಎಂಬ ಒಂದು ಮಾತು ಸಾಕಿತ್ತು. ಆ ಮಾತು ಬಾಯಿಯವರೆಗೆ ಬಂತು. ಜೊತೆಗೇ, ಅಳತೆಗಾರನೇ ಅಳತೆ ತಪ್ಪಿದ ಎಂದು ಲ್ಯಾಬಿನಲ್ಲಿ ಆಡಿಕೊಳ್ಳುವ ಚಿತ್ರವೂ ಬಂತು.

“ಯೆಸ್,” ಎಂದೆ. “ಐ ರಿಮೆಂಬರ್.”

ಮೊಕದ್ದಮೆ ತೀರ್ಪಿನವರೆಗೆ ಹೋಗಲಿಲ್ಲ. ನನ್ನ ಹೇಳಿಕೆಯ ನಂತರ ಬಸುವಿನ ಕಂಪನಿ ರಾಜಿಗೆ ಒಪ್ಪಿತು. ಚೆಂಡು ಅಂಗಡಿಯಿಂದ ಹೋಯಿತು, ಬಸುವಿನ ಕೆಲಸವೂ ಹೋಯಿತು. ಆ ವರ್ಷ ಯುಗಾದಿ ಊಟದಲ್ಲಿ ರಮೇಶ ಎಲ್ಲರೆದುರು, “ಏನ್ ಬಸು, ಕಾಪಿ ಹೊಡ್ದು ಸಿಕ್ಕಾಕ್ಕೊಂಡ್ಯಂತೆ?” ಎಂದು ತಮಾಷೆ ಮಾಡಿದ. ಬಸು ನನ್ನ ಕಡೆ ಕೈ ತೋರಿಸಿದ. “ಅಳದಾಂವ ಅಲ್ಲೇ ಕುಂತಾನ. ಅವನ್ನ ಕೇಳು.” ಅವನು ನಗುತ್ತಿದ್ದ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಈಗ ನೆನೆದರೆ ನಗು ಕಾಣುವುದಿಲ್ಲ. ಕಾಯುತ್ತಿದ್ದ. ಎಲ್ಲರೂ ನನ್ನತ್ತ ತಿರುಗಿದರು. ನಾನು ಒಬ್ಬಟ್ಟಿಗೆ ತುಪ್ಪ ಬೇಕೆಂದು ಎದ್ದು ಹೋದೆ.

ಬಸುವಿನ ಮನೆಯವರೆಲ್ಲ ಟೆಕ್ಸಸ್‌ಗೆ ಹೋದರು. ನಾನು ಕಳಿಸಲೂ ಹೋಗಲಿಲ್ಲ.

ಈ ವರ್ಷ ಗರಾಜು ಖಾಲಿ ಮಾಡುವಾಗ ಅವನ ಚೆಂಡುಗಳ ಒಡೆಯದ ಡಬ್ಬವೊಂದು ಸಿಕ್ಕಿತು. ವಾರವೆಲ್ಲ ಅದನ್ನು ಕಾರಿನಲ್ಲಿಟ್ಟುಕೊಂಡು ಓಡಾಡಿದೆ. ಕೊನೆಗೆ ಲ್ಯಾಬಿಗೆ ಒಯ್ದು ಕೊಯ್ದು ಅಳೆದೆ. ನನ್ನ ಕಣ್ಣನ್ನು ನಾನೇ ನಂಬದೆ, ಚೆಂಡು ಯಾವುದೆಂದು ಹೇಳದೆ ಇನ್ನೊಬ್ಬ ಸಹೋದ್ಯೋಗಿಯ ಕೈಯಲ್ಲಿ ಮತ್ತೆ ಅಳೆಸಿದೆ. ಆಮೇಲೆ ಬಸುವಿಗೆ ಫೋನ್ ಮಾಡಿ, ಇಲ್ಲಿ ಬರೆದಿರುವುದನ್ನೆಲ್ಲ ಹೇಳಿದೆ.

ಫೋನಿನ ಆ ಕಡೆ ಎಲ್ಲೋ ಕುಕ್ಕರ್ ಕೂಗಿತು.

“ಈಗ್ಯಾಕ ಹೇಳಾಕತ್ತಿ?” ಎಂದ. “ನಮ್ಮ ಇಂಚರಾ ಆವಾಗ ಸಣ್ಣಾಕಿ. ಸಾಲ್ಯಾಗ ಯಾರೋ ಅಂದಾರಂತ. ಮನೀಗೆ ಬಂದು ಕೇಳಿದ್ಲು — ‘ಡ್ಯಾಡ್, ಡಿಡ್ ಯೂ ಕಾಪಿ ಇಟ್?’ ಇಲ್ಲವ್ವಾ ಅಂದೆ. ‘ದೆನ್ ವೈ ಡಿಡ್ ಪ್ರಸನ್ನ ಅಂಕಲ್ ಸೇ ಸೋ?’ ಅಂದ್ಲು. ಆವಾಗ ಹೇಳಬೇಕಿತ್ತು ನೀ.”

ಫೋನ್ ಇಟ್ಟ. ನಾನು ಮತ್ತೆ ಮಾಡಿಲ್ಲ. ಕ್ಷಮಿಸು ಎಂದು ಕೇಳುವುದು ಅವನ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ ಅನಿಸಿತು. ಎರಡೂ ಕಡೆಯ ವಕೀಲರಿಗೆ ಮತ್ತು ನಮ್ಮ ಲ್ಯಾಬಿಗೆ ನಾನು ಪ್ರಮಾಣ ಮಾಡಿ ಹೇಳಿದ್ದು ಸುಳ್ಳು ಎಂದು ಬರೆದು ತಿಳಿಸಿದ್ದೇನೆ. ಏನಾಗುತ್ತದೋ ಆಗಲಿ. ಭಾನುವಾರದ ಗುಂಪಿಗೂ ಹೇಳಿದೆ. ರಮೇಶ ತಲೆ ಎತ್ತಲಿಲ್ಲ. ಇಂಚರಾ ಈಗ ಕಾಲೇಜಿನಲ್ಲಿದ್ದಾಳೆ. ಅವಳಿಗೆ ಓದಲು ಬರುವ ಭಾಷೆಯಲ್ಲಿ ಇದನ್ನೇ ಬರೆದು ಕಳಿಸುತ್ತೇನೆ.

ನನ್ನ ನೆನಪುಗಳಲ್ಲಿ ಯಾವುದು ನಿಜ ಎಂದು ಇನ್ನೂ ಗೊತ್ತಿಲ್ಲ, ಮುಂದೆಯೂ ಗೊತ್ತಾಗಲಾರದು. ಪರೀಕ್ಷಿಸಿ ಖಚಿತ ಮಾಡಿಕೊಂಡದ್ದು ಒಂದೇ: ಕೊಯ್ದ ಕೂಡಲೇ ಅಳೆದರೆ ಬಸುವಿನ ಚೆಂಡು ಆ ಪೇಟೆಂಟಿನ ಮಿತಿಯನ್ನು ದಾಟುತ್ತದೆ, ಅದೇ ಚೆಂಡು, ಅದೇ ಹೋಳು, ತಣಿದ ಮೇಲೆ ದಾಟುವುದಿಲ್ಲ.