ದಪ್ಪ ತಂತಿ

ಅಪ್ಪನ ತಂಬೂರಿಗೆ ನಾಲ್ಕು ತಂತಿ. ಮೂರು ಉಕ್ಕಿನವು, ಕೊನೆಯದು ಹಿತ್ತಾಳೆಯದು, ದಪ್ಪ. ಅಪ್ಪನ ದನಿಯೂ ಆ ದಪ್ಪ ತಂತಿಯದೇ ಜಾತಿ, ತಗ್ಗಿನದು. ದೊಡ್ಡೇರಿ ಹತ್ತಿರದ ನಮ್ಮೂರಿನಲ್ಲಿ ಸೋಮವಾರದ ಭಜನೆಗೆ ಅವನೇ ಮುಂದು. ಒಂದು ತತ್ವಪದವನ್ನೂ ಬರೆದಿಟ್ಟವನಲ್ಲ, ಎಲ್ಲ ಬಾಯಲ್ಲೇ.

ಒಂದು ಸಲ ಆ ದಪ್ಪ ತಂತಿ ಕಿತ್ತುಹೋಯಿತು. ನಾನು ಶಿರಾದಲ್ಲಿ ಟೀಚರ್. "ಅಲ್ಲೇ ಸಿಗ್ತದೆ, ಒಂದ್ ತಂದ್ಬುಡಮ್ಮ" ಅಂದ. ಅಳತೆಗೆಂದು ಹಳೆಯ ತುಂಡನ್ನು ಕಾಗದದಲ್ಲಿ ಸುತ್ತಿಕೊಟ್ಟ. ಅದನ್ನು ಬಾಡಿಗೆ ಮನೆಯಲ್ಲೇ ಮರೆತು ಅಂಗಡಿಗೆ ಹೋದೆ.

ಅಂಗಡಿಯ ಸಾಹೇಬರು ಹಾರ್ಮೋನಿಯಂ ಬಿಚ್ಚಿಟ್ಟುಕೊಂಡು ಕೂತಿದ್ದರು. "ಹಾಡೋರು ಯಾರು ಬೇಟಿ? ಗಂಡಸ್ರಿಗೆ ದಪ್ಪದ್ದು, ಹೆಂಗಸ್ರ ಶ್ರುತಿಗೆ ತೆಳ್ಳಂದು."

ಜೊತೆಗೆ ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಇದ್ದರು. ಅವರ ಮಗಳು ಸಂಗೀತ ಪರೀಕ್ಷೆ ಪಾಸಾದದ್ದನ್ನು ದಾರಿಯುದ್ದಕ್ಕೂ ಕೊಚ್ಚಿಕೊಂಡು ಬಂದಿದ್ದರು. ನನಗೂ ಎಲ್ಲಿಲ್ಲದ ದೊಡ್ಡಸ್ತಿಕೆ ಬಂತು. "ನಾನೇ" ಅಂದೆ. ನಾಡಗೀತೆಯನ್ನೂ ಮಕ್ಕಳ ದನಿಯ ಹಿಂದೆ ಅಡಗಿಕೊಂಡು ಹಾಡುವವಳು ನಾನು. ಸಾಹೇಬರು ತೆಳ್ಳನೆಯ ತಂತಿ ಕೊಟ್ಟರು.

ಆ ಸೋಮವಾರ ನಾನೂ ಭಜನೆಯಲ್ಲಿ ಕೂತಿದ್ದೆ. ತಂತಿಯನ್ನು ಅಪ್ಪನ ಶ್ರುತಿಗೆ ಇಳಿಸಿದರೆ ಸಡಿಲಾಗಿ ಬಡಿದುಕೊಳ್ಳುತ್ತಿತ್ತು, ಏರಿಸಿದರೆ ಅವನ ದನಿಗೆ ಎಟುಕುತ್ತಿರಲಿಲ್ಲ. ಏರಿಸಿಯೇ ಹಾಡಿದ. ಎರಡನೆಯ ಪದಕ್ಕೆ ದನಿ ಒಡೆಯಿತು. ತಂಬೂರಿಯನ್ನು ಗೋಡೆಗೆ ಒರಗಿಸಿ, "ಗಂಟ್ಲು ಹೋಯ್ತು ಕಣಮ್ಮ" ಅಂದ. ತಪ್ಪು ತಂತಿಯದು ಎಂದು ನನಗೆ ಗೊತ್ತಿತ್ತು. ಅಷ್ಟು ಜನರ ಮುಂದೆ ಹೇಳಲು ನಾಚಿಕೆಯಾಯಿತು. ಮುಂದಿನ ವಾರ ಬೇರೆ ತಂದರಾಯಿತು ಅಂದುಕೊಂಡೆ. ಪರೀಕ್ಷೆ, ಗಣತಿ, ಚುನಾವಣೆ ಡ್ಯೂಟಿ ಅಂತ ನೆಪಗಳಿಗೇನು ಬರ. ಅಪ್ಪ ಮತ್ತೆ ಭಜನೆಗೆ ಹೋಗಲಿಲ್ಲ. ತಂಬೂರಿಯನ್ನು ಮಾತ್ರ, ನಾನು ಊರಿಗೆ ಹೋದಾಗಲೆಲ್ಲ, ಒರೆಸಿ ನನ್ನ ಕಣ್ಣಿಗೆ ಬೀಳುವ ಹಾಗೆ ಇಟ್ಟಿರುತ್ತಿದ್ದ. ಹಂಗಿಸುತ್ತಿದ್ದಾನೆ ಅನ್ನಿಸಿ ನನಗೆ ಸಿಟ್ಟೇ ಬರುತ್ತಿತ್ತು.

ಮೂರು ವರ್ಷವಾದ ಮೇಲೆ, ಮೊನ್ನೆ ದಸರಾ ರಜೆಯಲ್ಲಿ, ದಪ್ಪ ತಂತಿ ಕೊಂಡುಹೋದೆ. ಅಂಗಡಿಯಲ್ಲಿ ಆಡಿದ ಸುಳ್ಳನ್ನೂ ಹೇಳಿಬಿಟ್ಟೆ. ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ.

ಅಪ್ಪ ತಂತಿ ಕಟ್ಟುತ್ತಲೇ ಹೇಳಿದ: "ಹೆಂಗಸ್ರ ತಂತಿ ಅಂತ ಅವತ್ತೇ ಗೊತ್ತಾಯ್ತು. ಕೈಗೆ ತಿಳಿಯಾಕಿಲ್ವಾ? ನೀನು ಕಲಿಯಾಕೆ ತಂದಿದ್ದೀಯ ಅಂದ್ಕಂಡೆ. ಬಾಯ್ಬುಟ್ಟು ಕೇಳಾಕೆ ನಾಚ್ಕೆ ಇರಬೋದು ಅಂತ, ಗಂಟ್ಲು ನೆಪ ಹೇಳಿ, ತಂಬೂರಿ ನಿಂಗೇ ಬುಟ್ಟು ಸುಮ್ಕಾದೆ."

ಶ್ರುತಿ ಕೂಡಿತು. ದಪ್ಪ ತಂತಿಯ ನಾದ ಜಗುಲಿಯ ಕಲ್ಲಿನವರೆಗೂ ಇಳಿಯಿತು. ಅಪ್ಪ ಕಣ್ಣು ಮುಚ್ಚಿ ಒಂದು ಪದ ಎತ್ತಿಕೊಂಡ. ಗಂಟಲು ಹಾಗೇ ಇತ್ತು, ತಗ್ಗಿನಲ್ಲಿ, ಗಟ್ಟಿಯಾಗಿ. ಮೂರನೆಯ ಸಾಲಿಗೆ ನಿಂತ. ಮತ್ತೆ ಮೊದಲಿಂದ ಹಾಡಿದ, ಅಲ್ಲಿಗೇ ನಿಂತ. ಬೇರೆ ಪದ ಹಿಡಿದ, ಅದೂ ಅರ್ಧಕ್ಕೇ ನಿಂತಿತು.

"ನೀನು ಕೇಳ್ತೀಯ ಅಂತ ಪದಗೋಳ್ನೆಲ್ಲ ಒಂದ್ವರ್ಸ ದಿನಾ ಮನಸ್ನಲ್ಲೇ ಹೇಳ್ಕಂತಿದ್ದೆ ಕಣಮ್ಮ" ಅಂದ. "ಆಮೇಲೆ ಬುಟ್ಬುಟ್ಟೆ."